ಅಂಗಡಿ ಕೆಲಸದವರಿಗೂ ಒಂದು ಸಂಘ ಬೇಕು

ಸಂಪಾದಕರಿಗೆ,

ನಮಸ್ಕಾರ. ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ನಮ್ಮೂರಿನ ವರ್ತಕರೊಬ್ಬರು ಒಂದು ಪತ್ರ ಬರೆದಿದ್ದರು. ಹಾಸನದ ಅಂಗಡಿ ನೌಕರರು ಯೂನಿಯನ್ ಕಟ್ಟಲು ಹೊರಟಿದ್ದಾರೆ, ಇದು ಊರಿನ ವ್ಯಾಪಾರಕ್ಕೆ ಕೊಡಲಿ ಪೆಟ್ಟು ಎಂಬುದು ಅದರ ಸಾರ. ಹಾಗೆ ಹೊರಟವರಲ್ಲಿ ನಾನೂ ಒಬ್ಬ. ಪತ್ರ ಬರೆದ ಹಿರಿಯರನ್ನು ನಾನು ಬಲ್ಲೆ. ಅವರ ಮನೆಯ ಮದುವೆಯೊಂದಕ್ಕೆ ಜವಳಿ ತೆಗೆಯಲು ಬಂದಾಗ ಸೀರೆ ಬಿಚ್ಚಿ ತೋರಿಸಿದವನು ನಾನೇ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವರು ಹೇಳಿದ ಕೆಲವು ಮಾತಿಗೆ ಉತ್ತರ ಕೊಡದೆ ಇರಲಾಗಲಿಲ್ಲ. ಪತ್ರ ಉದ್ದವಾಗಿದೆ. ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ, ಜವಳಿ ಅಂಗಡಿಯವನಿಗೆ ಕತ್ತರಿ ಹೊಸದಲ್ಲ.

ನಾನು ದುದ್ದ ಕಡೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ, ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಒಂದು ಜವಳಿ ಅಂಗಡಿಗೆ ಸೇರಿಕೊಂಡೆ. ಹಳೇ ಕಾಲದ ಅಂಗಡಿ ಅದು. ಅಲ್ಲಿ ಕುರ್ಚಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈ ಗೋಡೆಯಿಂದ ಆ ಗೋಡೆವರೆಗೆ ಗಾದಿ ಹಾಸಿ ಮೇಲೆ ಬಿಳಿ ಬಟ್ಟೆ ಹೊದಿಸಿರುತ್ತಿದ್ದರು. ಗಿರಾಕಿಗಳು ಹೊರಗೆ ಚಪ್ಪಲಿ ಬಿಟ್ಟು ಬಂದು ಕೂರುತ್ತಿದ್ದರು, ನಾವು ಎದುರಿಗೆ ಚಕ್ಕಂಬಕ್ಕಳ ಹಾಕಿಕೊಂಡು ಥಾನು ಬಿಚ್ಚುತ್ತಿದ್ದೆವು. ಸಾಹುಕಾರರು ಗಲ್ಲಾ ಪೆಟ್ಟಿಗೆ ಮುಂದೆ ಅದೇ ಗಾದಿಯ ಮೇಲೆ ಇರುತ್ತಿದ್ದರು. ಸಂಬಳ ಕಡಿಮೆ, ಬೈಗುಳವೂ ಧಾರಾಳ. ಆ ಕಾಲವೇ ಚೆನ್ನಾಗಿತ್ತು ಎಂದು ನಾನೇನೂ ಹೇಳುತ್ತಿಲ್ಲ. ಕೂತು ಮಾಡುವ ಕೆಲಸವಾಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಆಮೇಲೆ ಊರಿನ ತುಂಬ ಗಾಜಿನ ಷೋರೂಂಗಳು ಬಂದವು. ಗಾದಿ ಹೋಗಿ ಕೌಂಟರು ಬಂತು. ಯಾರೂ ನಮ್ಮನ್ನು ಕರೆದು ಇನ್ನು ಮೇಲೆ ಕೂರಬೇಡಿ ಎನ್ನಲಿಲ್ಲ, ಕೂರುವ ಜಾಗವೇ ಇಲ್ಲದ ಹಾಗೆ ಅಂಗಡಿ ಕಟ್ಟಿದರು. ಈಗ ನಾನಿರುವ ಕಡೆ ಗಿರಾಕಿಗೆ ಮೆತ್ತನೆ ಸ್ಟೂಲಿದೆ, ಕ್ಯಾಷಿನವರಿಗೆ ತಿರುಗುವ ಕುರ್ಚಿಯಿದೆ, ಸೇಲ್ಸಿನವರಿಗೆ ಏನೂ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಗಡಿ ಖಾಲಿ ಹೊಡೆಯುತ್ತಿರುವಾಗ ಗಿರಾಕಿಯ ಸ್ಟೂಲಿನ ಮೇಲೆ ಎರಡು ನಿಮಿಷ ಕೂತರೆ ಮೇಲಿನ ಮಹಡಿಯಿಂದ ಫೋನು ಬರುತ್ತದೆ, "ಸಿಲ್ಕ್ ಕೌಂಟರಿನಲ್ಲಿ ಯಾರದು ಕೂತಿರೋದು?" ಕ್ಯಾಮೆರಾ ಹಾಕಿಸಿದ್ದು ಕಳ್ಳರಿಗೆ ಎಂದುಕೊಂಡಿದ್ದೆವು.

ನನ್ನ ಎಡಗಾಲಿನ ಮೀನಖಂಡದಲ್ಲಿ ನರ ಉಬ್ಬಿ ಗಂಟುಗಟ್ಟಿದೆ. ಡಾಕ್ಟರು ವೆರಿಕೋಸ್ ಎಂದರು, ಹೆಚ್ಚು ಹೊತ್ತು ನಿಲ್ಲಬೇಡಿ, ಕಾಲು ಮೇಲಿಟ್ಟುಕೊಂಡು ಕೂತ್ಕೊಳ್ಳಿ ಎಂದರು. ಮಾಡುವ ಕೆಲಸ ಏನೆಂದು ಹೇಳಿದೆ. ಅವರು ಇನ್ನೇನೂ ಮಾತಾಡದೆ ಬಿಗಿ ಕಾಲುಚೀಲ ಬರೆದುಕೊಟ್ಟರು. ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಮೇಲೆ. ನಮ್ಮಲ್ಲಿ ಕೆಲಸಕ್ಕಿರುವ ಆಲೂರು ಕಡೆಯ ಹುಡುಗಿಯೊಬ್ಬಳು ಬೆಳಗ್ಗೆ ಮನೆ ಬಿಟ್ಟ ಮೇಲೆ ಸಂಜೆವರೆಗೂ ನೀರು ಕುಡಿಯುವುದಿಲ್ಲ. ಪದೇ ಪದೇ ಟಾಯ್ಲೆಟ್ಟಿಗೆ ಹೋದರೆ ಫ್ಲೋರ್ ಮ್ಯಾನೇಜರು ಗಡಿಯಾರ ನೋಡುತ್ತಾರೆ. ಇದನ್ನು ಅವಳು ನನ್ನ ಹತ್ತಿರ ಹೇಳಿದ್ದಲ್ಲ, ನನ್ನ ಹೆಂಡತಿಯ ಹತ್ತಿರ ಹೇಳಿದ್ದು.

ವರ್ತಕರು "ಇಲ್ಲದ ಬೇಡಿಕೆಗಳನ್ನು ಹೊರಗಿನವರು ತಲೆಗೆ ತುಂಬಿದ್ದಾರೆ" ಎಂದು ಬರೆದಿದ್ದಾರೆ. ಕೂರಲು ಒಂದು ಸ್ಟೂಲು ಕೇಳುವುದಕ್ಕೆ ಹೊರಗಿನಿಂದ ಯಾರೂ ಬರಬೇಕಾಗಿಲ್ಲ, ಕಾಲಿದ್ದರೆ ಸಾಕು. ಹೊರಗಿನವರು ಕಲಿಸಿದ್ದು ಬೇರೆ. ಇದನ್ನು ಕೇಳಿ ಪಡೆದವರಿದ್ದಾರೆ ಎಂಬುದು ಅವರಿಂದ ಗೊತ್ತಾಯಿತು. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಪಿ. ವಿಜಿ ಎಂಬ ಟೈಲರಮ್ಮನ ಜೊತೆ ಸೇರಿ ಮೊದಲು ಶೌಚಾಲಯಕ್ಕಾಗಿ ಹೋರಾಡಿದರು, ಆಮೇಲೆ ಕೂರುವ ಹಕ್ಕಿಗಾಗಿ. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದವರಿಗೆ ಕೂರುವ ವ್ಯವಸ್ಥೆ ಮಾಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಅಲ್ಲಿನ ಜವಳಿ ಅಂಗಡಿಗಳು ಸ್ಟೂಲು ಹಾಕಿದ್ದಕ್ಕೆ ಮುಳುಗಿಹೋಗಿಲ್ಲ. ನಮ್ಮ ಮಾಲೀಕರುಗಳೇ ವರ್ಷಕ್ಕೆರಡು ಸಲ ಮಾಲು ತರಲು ಆ ಕಡೆಗೆ ಹೋಗುತ್ತಾರೆ, ನೋಡಿಕೊಂಡು ಬರಬಹುದು.

ನಮ್ಮ ದೇಶದಲ್ಲಿ ಕಾರ್ಖಾನೆಯವರಿಗೆ ಈ ಸೌಲಭ್ಯ ಹಳೆಯದು. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲಿ, ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ಅನುಕೂಲ ಇರಬೇಕೆಂದು ಬರೆದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು, ಹತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಇದನ್ನು ಮಾಲೀಕರ ಹೊಣೆ ಮಾಡಿದೆ. ವ್ಯಾಪಾರವೂ ಅದರೊಳಗೆ ಬರುತ್ತದೆ. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕೆಂದೂ ಅದರಲ್ಲಿದೆ. ಈ ಸಂಹಿತೆಗಳನ್ನು ದೊಡ್ಡ ಯೂನಿಯನ್ನುಗಳು ವಿರೋಧಿಸುತ್ತಿವೆ. ಮುಷ್ಕರ ಮಾಡುವುದನ್ನು, ಸಂಘಕ್ಕೆ ಮಾನ್ಯತೆ ಪಡೆಯುವುದನ್ನು ಕಷ್ಟ ಮಾಡಿವೆ ಎಂಬುದು ಅವರ ತಕರಾರು, ಅದರಲ್ಲಿ ಹುರುಳಿದೆ. ಆದರೂ ನಮಗೆ ಅನುಕೂಲವಾದ ಸಾಲನ್ನು ನಾವು ಯಾಕೆ ಬಿಡಬೇಕು?

ಇನ್ನು ನಮ್ಮ ಮನೆಯ ವಿಷಯ. ನನ್ನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಗಾರ್ಮೆಂಟ್ಸೆಂದರೆ ಸ್ವರ್ಗ ಎಂದು ಯಾರೂ ತಿಳಿಯಬೇಡಿ, ಅಲ್ಲಿನ ಟಾರ್ಗೆಟ್ಟಿನ ಕಥೆ ಬೇರೆಯೇ ಇದೆ. ಆದರೆ ಅವಳಿಗೆ ಪಿಎಫ್ ನಂಬರಿದೆ, ಇಎಸ್‌ಐ ಎಂಬ ಆರೋಗ್ಯ ವಿಮೆಯ ಕಾರ್ಡಿದೆ, ಸಂಬಳ ಬ್ಯಾಂಕಿಗೆ ಬಂದು ಚೀಟಿ ಸಿಗುತ್ತದೆ, ಭಾನುವಾರ ಮನೆಯಲ್ಲಿರುತ್ತಾಳೆ. ಬಟ್ಟೆ ಹೊಲಿಯುವವಳಿಗೆ ಇಷ್ಟಾದರೂ ಇದೆ, ಬಟ್ಟೆ ಮಾರುವ ಅವಳ ಗಂಡನಿಗೆ ಇದ್ಯಾವುದೂ ಇಲ್ಲ. ಅವಳಿಗೆ ಜ್ವರ ಬಂದರೆ ಇಎಸ್‌ಐ ಇದೆ, ನನಗೆ ಬಂದರೆ ಮೆಡಿಕಲ್ ಸ್ಟೋರಿನ ಹುಡುಗನೇ ಡಾಕ್ಟರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿಯಲ್ಲಿ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಮಾಡಿಸಬೇಕು. ನನ್ನ ಹದಿನಾಲ್ಕು ಸಾವಿರಕ್ಕೆ ನನ್ನ ಪಾಲು ಮುಕ್ಕಾಲು ಪರ್ಸೆಂಟ್, ಅಂದರೆ ತಿಂಗಳಿಗೆ 105 ರೂಪಾಯಿ. ಮಾಲೀಕರ ಪಾಲು ಮೂರೂಕಾಲು ಪರ್ಸೆಂಟ್, 455 ರೂಪಾಯಿ. ನಮ್ಮ ನೆಲ ಅಂತಸ್ತಿನಲ್ಲಿ ಈ ದುಡ್ಡಿಗೆ ಒಂದು ನೈಟಿ ಬರುತ್ತದೆ.

ಗಾರ್ಮೆಂಟ್ಸಿನವರಿಗೆ ಇದೆಲ್ಲ ಯಾರೋ ದಾನ ಮಾಡಿದ್ದಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದು ಕೂತರು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಆವತ್ತು ನಮ್ಮ ಅಂಗಡಿಯ ಟಿವಿಯಲ್ಲಿ ಅದನ್ನು ನೋಡುತ್ತಾ ನಿಂತಿದ್ದವರಲ್ಲಿ ಪಿಎಫ್ ಇದ್ದವರು ಒಬ್ಬರೂ ಇರಲಿಲ್ಲ.

ಈಗ, ನಾವು ಒಟ್ಟಿಗೆ ಸೇರಿದ್ದು ಯಾಕೆ ಎಂಬುದಕ್ಕೆ ಬರುತ್ತೇನೆ. ಸಂಬಳದ ವಿಷಯಕ್ಕಲ್ಲ. ಶಾರ್ಟೇಜ್ ವಿಷಯಕ್ಕೆ.

ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಹಬ್ಬ ಕಳೆದ ಮೇಲೆ ಅಂಗಡಿಗಳಲ್ಲಿ ಸ್ಟಾಕ್ ಎಣಿಸುತ್ತಾರೆ. ಪುಸ್ತಕದಲ್ಲಿರುವುದಕ್ಕೂ ಕಪಾಟಿನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಕಮ್ಮಿ ಬಿದ್ದ ಮಾಲಿಗೆ ಶಾರ್ಟೇಜ್ ಎನ್ನುತ್ತಾರೆ. ಹಾಸನಾಂಬೆಯ ಬಾಗಿಲು ತೆರೆದ ಮೇಲೆ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದರ ಬೆನ್ನಿಗೇ ದೀಪಾವಳಿ. ಆಗ ರಾತ್ರಿ ಹತ್ತೂವರೆ ಹನ್ನೊಂದರವರೆಗೂ ವ್ಯಾಪಾರ. ಒಂದೊಂದು ಕೌಂಟರಿನ ಮುಂದೆ ಮೂರು ಮನೆಯ ಜನ, ಒಬ್ಬರಿಗೆ ಬಿಚ್ಚಿದ್ದನ್ನು ಇನ್ನೊಬ್ಬರು ಎಳೆದುಕೊಂಡು ನೋಡುತ್ತಾರೆ, ಮಗು ಅಳುತ್ತದೆ, ಬಿಲ್ ಒಂದು ಕಡೆ ಪ್ಯಾಕಿಂಗ್ ಇನ್ನೊಂದು ಕಡೆ. ಈ ಸಲ ಎಣಿಕೆಯಲ್ಲಿ ಕೆಲವು ರೇಷ್ಮೆ ಸೀರೆ ಕಮ್ಮಿ ಬಂತು. ಆ ಮಹಡಿಯಲ್ಲಿದ್ದ ಎಲ್ಲರ ಸಂಬಳದಲ್ಲೂ ಸಮನಾಗಿ ಹಿಡಿದರು. ಅದೇ ತಿಂಗಳು ಸೇರಿದ ಹುಡುಗಿಯ ಸಂಬಳದಲ್ಲೂ. ಅವಳ ಸಂಬಳವೇ ಒಂಬತ್ತು ಸಾವಿರ. ಅವಳು ಇದ್ದದ್ದು ಫಾಲ್ಸ್ ಮತ್ತು ಬ್ಲೌಸ್ ಪೀಸಿನ ಕೌಂಟರಿನಲ್ಲಿ, ರೇಷ್ಮೆ ಮುಟ್ಟಿದವಳೇ ಅಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಮಾಲು ಕಳೆದದ್ದಕ್ಕೆ ಸಂಬಳದಲ್ಲಿ ಹಿಡಿಯಬೇಕಾದರೆ ಆ ಮಾಲನ್ನು ಆ ನೌಕರನ ಸುಪರ್ದಿಗೇ ಕೊಟ್ಟಿರಬೇಕು, ಅವನ ನಿರ್ಲಕ್ಷ್ಯದಿಂದಲೇ ಹೋಗಿರಬೇಕು, ಹಿಡಿಯುವ ಮೊದಲು ಅವನ ಮಾತು ಕೇಳಬೇಕು. ದಂಡ ಹಾಕುವುದಾದರೆ ತಿಂಗಳ ಸಂಬಳದ ನೂರಕ್ಕೆ ಮೂರನ್ನು ಮೀರುವಂತಿಲ್ಲ. ಹತ್ತು ನಿಮಿಷ ತಡವಾದರೆ ಅರ್ಧ ದಿನ ಕಟ್ ಎಂದು ಬೋರ್ಡು ಹಾಕಿರುವ ಅಂಗಡಿಗಳ ಗಮನಕ್ಕೆ ಇದನ್ನು ಬರೆದಿದ್ದೇನೆ.

ನಮ್ಮ ಮೊದಲ ಸಭೆ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಎಂಟಕ್ಕೆ. ರಾತ್ರಿ ಸೇರೋಣವೆಂದರೆ ಅಂಗಡಿ ಮುಚ್ಚುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಕೊನೆ ಬಸ್ಸಿನ ಚಿಂತೆ. ವಾಕಿಂಗಿಗೆ ಬಂದವರು ಯಾವುದೋ ಯೋಗ ಶಿಬಿರ ಎಂದುಕೊಂಡರು. ಜವಳಿಯವರಷ್ಟೇ ಅಲ್ಲ, ಮೊಬೈಲ್ ಅಂಗಡಿಯವರು, ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಹುಡುಗರು, ಚಪ್ಪಲಿ ಅಂಗಡಿಯಲ್ಲಿ ನನಗಿಂತ ಮೊದಲಿನಿಂದಲೂ ಇರುವ ಹಿರಿಯರೊಬ್ಬರು ಬಂದಿದ್ದರು. ಆ ಹಿರಿಯರಿಗೆ ಮಾತ್ರ ಕೂರುವ ಸಮಸ್ಯೆ ಇಲ್ಲ. ಅವರ ದೂರು ಬೆನ್ನಿನದು, ದಿನವಿಡೀ ಬಗ್ಗಿ ಬಗ್ಗಿ.

ಎಲ್ಲರ ಕೆಲಸದ ಗಂಟೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಹೆಚ್ಚು ಕಡಿಮೆ ಒಂದೇ ಲೆಕ್ಕ. ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು, ರಾತ್ರಿ ಒಂಬತ್ತಕ್ಕೆ ಮುಚ್ಚುವುದು, ಊಟಕ್ಕೆ ಅರ್ಧ ಗಂಟೆ. ಅಲ್ಲಿಗೆ ಹನ್ನೊಂದು ಗಂಟೆ ಕೆಲಸ. ಎಂಟೂ ಐವತ್ತೈದಕ್ಕೆ ಒಂದು ಕುಟುಂಬ ಬಂದು ನಲವತ್ತು ಸೀರೆ ಬಿಚ್ಚಿಸಿ "ನಾಳೆ ಅತ್ತೇನ ಕರ್ಕೊಂಡ್ ಬರ್ತೀವಿ" ಎಂದು ಹೋದರೆ ಮಡಚಿಡಲು ಇನ್ನೊಂದು ಗಂಟೆ. (ಅವರನ್ನು ಬೈಯುತ್ತಿಲ್ಲ, ಅವರೂ ಎಲ್ಲೋ ಕೆಲಸ ಮುಗಿಸಿ ಬರುವವರೇ.) ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರಲ್ಲಿ ಬರೆದಿರುವುದು ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು, ವಾರಕ್ಕೊಂದು ಪೂರ್ತಿ ದಿನ ರಜೆ, ಆ ರಜೆಗೆ ಸಂಬಳ ಕಡಿಯುವಂತಿಲ್ಲ. ಐದು ಗಂಟೆ ಕೆಲಸ ಮಾಡಿಸಿದರೆ ಒಂದು ಗಂಟೆ ವಿಶ್ರಾಂತಿ. ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ, ಅದೂ ಮೂರು ತಿಂಗಳಲ್ಲಿ ಐವತ್ತು ಗಂಟೆ ಮೀರಬಾರದು. ನಾವು ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ಹಿಡಿದರೆ ಇಪ್ಪತ್ತಾರು ದಿನಕ್ಕೇ ಐವತ್ತೆರಡು. ಮೂರು ತಿಂಗಳ ಕೋಟಾ ಒಂದೇ ತಿಂಗಳಲ್ಲಿ ಖರ್ಚು. ಎರಡು ಪಟ್ಟು ಕೂಲಿಯ ಬದಲಿಗೆ ನಮಗೆ ಸಿಗುವುದು ಸಂಜೆಯ ಟೀ, ಹಬ್ಬದ ಸೀಸನ್ನಿನಲ್ಲಿ ಜೊತೆಗೊಂದು ಬನ್.

ಇದನ್ನೆಲ್ಲ ನೋಡಲು ತಪಾಸಣೆ ಇಲ್ಲವೇ ಎಂದು ಕೇಳಬಹುದು. ಹಾಜರಿ ಪುಸ್ತಕದ ಪ್ರಕಾರ ನಾವೆಲ್ಲ ವಾರಕ್ಕೊಂದು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇವೆ. ಅಷ್ಟೂ ಸಹಿಗಳು ಒಂದೇ ಪೆನ್ನಿನವು.

ಒಂದು ವಿಷಯ ಹೇಳಲೇಬೇಕು. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಇದೇ 1961ರ ಕಾಯ್ದೆಯನ್ನು ತಿದ್ದಿ, ದಿನದ ಒಂಬತ್ತು ಗಂಟೆಯನ್ನು ಹತ್ತು ಮಾಡಲು, ಮೂರು ತಿಂಗಳ ಹೆಚ್ಚುವರಿ ಮಿತಿಯನ್ನು ಐವತ್ತರಿಂದ 144 ಗಂಟೆಗೆ ಏರಿಸಲು ಪ್ರಸ್ತಾವ ತಂದಿತ್ತು. ಐಟಿ ಕಂಪನಿಗಳೂ ಈ ಕಾಯ್ದೆಯ ಕೆಳಗೇ ಬರುತ್ತವೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಬೆಂಗಳೂರಿನಲ್ಲಿ ಐಟಿ ನೌಕರರ ಸಂಘ ಕಿಟು ಬೀದಿಗಿಳಿದು ವಿರೋಧಿಸಿತು. ನಮ್ಮನ್ನೂ ಹಿಡಿದು ಅಲುಗಾಡಿಸುವ ತಿದ್ದುಪಡಿ ಅದು. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರು ನಿಂತು ಕೂಗಿದರು, ನಿಂತು ಕೆಲಸ ಮಾಡುವ ನಾವು ಬಾಯಿ ಬಿಡಲಿಲ್ಲ. ನಮ್ಮ ಪರವಾಗಿ ಬಾಯಿ ಬಿಡಬೇಕಾದವರು ಯಾರೆಂದೇ ಯಾರಿಗೂ ಗೊತ್ತಿರಲಿಲ್ಲ.

ಸಂಬಳಕ್ಕೆ ಬರೋಣ. ವರ್ತಕರು "ಅವರ ಕೌಶಲಕ್ಕೆ ತಕ್ಕ ಸಂಬಳ ಕೊಡುತ್ತಿದ್ದೇವೆ" ಎಂದಿದ್ದಾರೆ. ಅಂಗಡಿ ನೌಕರರಿಗೆ ಕನಿಷ್ಠ ಕೂಲಿ ಎಷ್ಟೆಂದು ಕಾರ್ಮಿಕ ಇಲಾಖೆ ಪಟ್ಟಿ ಹೊರಡಿಸುತ್ತದೆ, ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಸೇರಿ ಅದು ಏರುತ್ತದೆ. ಒಂಬತ್ತು ಸಾವಿರ ಆ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ, ಎಲ್ಲಕ್ಕಿಂತ ಕೆಳಗಿದೆ.

ಕನಿಷ್ಠ ಕೂಲಿಯನ್ನು ಲೆಕ್ಕ ಹಾಕುವ ಕ್ರಮವನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ನಿಗದಿ ಮಾಡಿತು. ದುಡಿಯುವವನ ಸಂಸಾರವನ್ನು ಊಟದ ಲೆಕ್ಕಕ್ಕೆ ಮೂರು ಪಾಲು ಎಂದು ಹಿಡಿದು, ಒಂದೊಂದು ಪಾಲಿಗೆ ದಿನಕ್ಕೆ 2,700 ಕ್ಯಾಲರಿ ಊಟ, ಮನೆ ಬಾಡಿಗೆ, ಸೌದೆ ದೀಪದ ಖರ್ಚು, ಮತ್ತು ನಾಲ್ಕು ಜನರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. 1991ರಲ್ಲಿ ಸುಪ್ರೀಂ ಕೋರ್ಟು ಇದರ ಮೇಲೆ ಮಕ್ಕಳ ಓದು, ಔಷಧ, ಹಬ್ಬ ಮದುವೆ, ಮುಪ್ಪಿನ ಕಾಲ ಎಂದು ನೂರಕ್ಕೆ ಇಪ್ಪತ್ತೈದು ಸೇರಿಸಬೇಕೆಂದಿತು. ನನ್ನ ಕಣ್ಣು ನಿಂತದ್ದು ಆ 72 ಗಜದ ಮೇಲೆ. ಗಜ ಎಂದರೆ ಮೂರಡಿ. 72 ಗಜ ಎಂದರೆ ಹತ್ತಿರ ಹತ್ತಿರ 66 ಮೀಟರು. ಐದೂವರೆ ಮೀಟರಿನ ಸೀರೆ ಲೆಕ್ಕದಲ್ಲಿ ಹನ್ನೆರಡು ಸೀರೆ. ಸೀಸನ್ನಿನಲ್ಲಿ ಒಂದು ಮನೆಯವರಿಗೆ ನಾನು ಒಂದೇ ಕೂರಿಕೆಯಲ್ಲಿ ಅಷ್ಟು ಮಾರಿಬಿಡುತ್ತೇನೆ, ಅವರ ಕೂರಿಕೆಯಲ್ಲಿ. ನಮ್ಮ ಮನೆಯ ನಾಲ್ಕು ಜನರಿಗೆ ವರ್ಷಕ್ಕೆ 66 ಮೀಟರು ಬಟ್ಟೆ ಎಂದೂ ಬಂದಿಲ್ಲ. ಮಗನ ಯೂನಿಫಾರಂ ಬಿಟ್ಟರೆ ಗೌರಿ ಹಬ್ಬಕ್ಕೆ ಹೆಂಡತಿಗೊಂದು ಸೀರೆ, ನೌಕರರ ಡಿಸ್ಕೌಂಟಿನಲ್ಲಿ.

"ಗೃಹಲಕ್ಷ್ಮಿ ಬರುತ್ತದೆ, ಬಸ್ಸು ಉಚಿತ, ಇನ್ನೆಷ್ಟು ಬೇಕು?" ಎಂಬ ಸಾಲು ಓದಿ ನಮ್ಮ ಹುಡುಗಿಯರು ತುಂಬ ನೊಂದುಕೊಂಡರು. ಶಕ್ತಿ ಯೋಜನೆ ಬಂದ ಮೇಲೆ ಆಲೂರು, ಬೇಲೂರು ಕಡೆಯಿಂದ ಕೆಲಸಕ್ಕೆ ಬರುವವರು ಹೆಚ್ಚಾದರು, ನಿಜ. ಹೆಚ್ಚು ಜನ ಬರತೊಡಗಿದ ಮೇಲೆ ಹೊಸಬರ ಸಂಬಳ ಇಳಿಯಿತು, ಅದೂ ನಿಜ. ಸರ್ಕಾರ ಮನೆಯ ಯಜಮಾನಿಗೆ ಕೊಡುವ 2,000ವನ್ನು ನಮ್ಮ ಸಂಬಳದಲ್ಲಿ ಮುರಿದುಕೊಂಡರೆ ಆ ದುಡ್ಡು ಹೋದದ್ದು ಯಜಮಾನಿಗೋ ಯಜಮಾನರಿಗೋ?

ಇನ್ನು "ನಾವೆಲ್ಲ ಒಂದೇ ಮನೆಯವರ ಹಾಗಿದ್ದೇವೆ" ಎಂಬ ಮಾತು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಗ ಮಾಲೀಕರು ಕೇಳಿದ ತಕ್ಷಣ ಕೈಗಡ ಕೊಟ್ಟರು, ಬಡ್ಡಿ ಹಿಡಿಯಲಿಲ್ಲ. ಆದರೆ ಆ ಸಾಲ ತೀರುವವರೆಗೂ ನಾನು ರಜೆ ಕೇಳಲು ಬಾಯಿ ತೆಗೆಯಲಿಲ್ಲ. ಹಳೇ ಅಂಗಡಿ ಮುಚ್ಚಿದಾಗ ಸಾಹುಕಾರರು ನನಗೆ ಶಾಲು ಹೊದಿಸಿ, ಬೆಳ್ಳಿ ದೀಪ ಕೊಟ್ಟು, ಕಣ್ಣಲ್ಲಿ ನೀರು ಹಾಕಿಕೊಂಡು ಕಳಿಸಿದರು. ಕಣ್ಣೀರು ಸುಳ್ಳಲ್ಲ. ಹತ್ತು ಜನರಿಗಿಂತ ಹೆಚ್ಚಿದ್ದ ಅಂಗಡಿಯಲ್ಲಿ ಐದು ವರ್ಷ ಮೀರಿ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚ್ಯುಟಿ ಬರಬೇಕಿತ್ತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನಗಂತೂ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಆ ದೀಪ ಈಗಲೂ ದೇವರ ಮನೆಯಲ್ಲಿದೆ.

ಅವರ ಪತ್ರದಲ್ಲಿ ನನಗೆ ಒಪ್ಪಿಗೆಯಾದ ಮಾತೂ ಇದೆ. ಆನ್‌ಲೈನ್ ಹೊಡೆತ ನಿಜ. ಗಿರಾಕಿ ನಮ್ಮ ಮುಂದೆಯೇ ಸೀರೆಯ ಫೋಟೊ ತೆಗೆದು ಮೊಬೈಲಿನಲ್ಲಿ ರೇಟು ನೋಡುತ್ತಾರೆ. ಚಿಕ್ಕ ಅಂಗಡಿಗಳಿಗೆ ಬಾಡಿಗೆ ಕಟ್ಟುವುದೇ ಕಷ್ಟ. ಇಬ್ಬರು ಮೂವರು ಕೆಲಸದವರನ್ನು ಇಟ್ಟುಕೊಂಡಿರುವ ಅಂಗಡಿಯನ್ನೂ ಮೂರು ಅಂತಸ್ತಿನ ಷೋರೂಂನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ನಮ್ಮ ಸಭೆಯಲ್ಲೂ ಮಾತಾಯಿತು. ಆದರೆ ಆನ್‌ಲೈನಿನವರ ಹತ್ತಿರ ಇಲ್ಲದ್ದು ನಮ್ಮ ಅಂಗಡಿಯಲ್ಲಿ ಏನಿದೆ ಎಂದು ಕೇಳಿಕೊಳ್ಳಲಿ. ಹೆಣ್ಣಿನ ಮೈಬಣ್ಣ ನೋಡಿ ಈ ಬಾರ್ಡರ್ ಬೇಡಮ್ಮ, ಇದು ತಗೊಳ್ಳಿ ಎಂದು ಹೇಳುವವರು, ಅಜ್ಜಿಗೆ ಹಗುರದ ಸೀರೆ ಎಲ್ಲಿದೆ ಎಂದು ಕಣ್ಣುಮುಚ್ಚಿ ತೆಗೆಯುವವರು. ಅಂಥವರು ಎರಡು ವರ್ಷಕ್ಕೆ ಬೇಸತ್ತು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಬಿಸಿಲು ಮಳೆ ಇದ್ದರೂ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ರಾಜ್ಯವೇ ಒಂದು ಕಾಯ್ದೆ ಮಾಡಿದೆ.

ಸಂಘ ಎಂದರೆ ವ್ಯಾಪಾರಕ್ಕೆ ಕೇಡು ಎಂದು ವರ್ತಕರು ಹೇಳುವುದು ನನಗೆ ಅರ್ಥವಾಗುವುದಿಲ್ಲ. ಅವರೇ ಸಂಘದಲ್ಲಿದ್ದಾರೆ. ಬಟ್ಟೆಯ ಮೇಲಿನ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಐದರಿಂದ ಹನ್ನೆರಡು ಪರ್ಸೆಂಟಿಗೆ ಏರಿಸುತ್ತೇವೆ ಎಂದಾಗ ದೇಶದ ಜವಳಿ ವರ್ತಕರ ಸಂಘಗಳೆಲ್ಲ ಒಂದಾಗಿ ಗಲಾಟೆ ಮಾಡಿದವು. ಜಾರಿಗೆ ಒಂದು ದಿನ ಇರುವಾಗ, 2021ರ ಡಿಸೆಂಬರ್ 31ರಂದು ಜಿಎಸ್‌ಟಿ ಮಂಡಳಿ ಅದನ್ನು ತಡೆಹಿಡಿಯಿತು. ಒಬ್ಬೊಬ್ಬ ವರ್ತಕರು ಒಂದೊಂದು ಅರ್ಜಿ ಬರೆದಿದ್ದರೆ ಆಗುತ್ತಿತ್ತೇ? ಈ ಊರಿನಲ್ಲಿ ಆಟೋ ನಿಲ್ದಾಣಕ್ಕೊಂದು ಸಂಘವಿದೆ, ಹಮಾಲರಿಗೆ ಸಂಘವಿದೆ, ಸಕಲೇಶಪುರದ ಕಾಫಿ ತೋಟದ ಆಳುಗಳಿಗೆ ಹೊಸ ಸಂಹಿತೆ ಬರುವವರೆಗೂ 1951ರ ತೋಟ ಕಾರ್ಮಿಕರ ಕಾಯ್ದೆಯೇ ಇತ್ತು, ಸಂಘವೂ ಇದೆ. ಕಾಫಿ ಎಂದಾಗ ನೆನಪಾಯಿತು. ಅಮೆರಿಕದ ಬಫಲೋ ಎಂಬ ಊರಿನ ಒಂದು ಸ್ಟಾರ್‌ಬಕ್ಸ್ ಅಂಗಡಿಯಲ್ಲಿ 2021ರ ಡಿಸೆಂಬರಿನಲ್ಲಿ ಕೆಲಸದವರು ಸಂಘ ಬೇಕೋ ಬೇಡವೋ ಎಂದು ಮತ ಹಾಕಿದರು. ಬೇಕು ಎಂದವರು 19, ಬೇಡ ಎಂದವರು 8. ಇಷ್ಟೇ ಜನ. ಅಷ್ಟು ದೊಡ್ಡ ಕಂಪನಿಯ ಆ ದೇಶದ ಸ್ವಂತ ಅಂಗಡಿಗಳಲ್ಲಿ ಆ ಹೊತ್ತಿಗೆ ಸಂಘವಿದ್ದದ್ದು ಅದೊಂದರಲ್ಲೇ, ಆಮೇಲೆ ನೂರಾರು ಅಂಗಡಿಗಳವರು ಅದೇ ದಾರಿ ಹಿಡಿದರು. ನನ್ನ ಮಗ ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ನಾನು ನಮ್ಮ ಎರಡನೇ ಮಹಡಿಯವರನ್ನು ಎಣಿಸಿದೆ.

ನಮ್ಮಲ್ಲಿ ಸಂಘದ ನೋಂದಣಿಗೆ ಅರ್ಜಿ ಹಾಕಲು ಏಳು ಜನ ಸಾಕು. ಜೊತೆಗೆ ಆ ಕೆಲಸದಲ್ಲಿರುವವರ ಪೈಕಿ ನೂರಕ್ಕೆ ಹತ್ತು ಮಂದಿ, ಇಲ್ಲವೇ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಅಂಗಡಿಗೊಂದು ಸಂಘ ಕಟ್ಟಿದರೆ ಮಾಲೀಕರು ಒಂದು ಬೆಳಗ್ಗೆಯಲ್ಲಿ ಅದನ್ನು ಮುಗಿಸಿಬಿಡುತ್ತಾರೆ, ಅದಕ್ಕೇ ಊರಿಗೆಲ್ಲ ಸೇರಿ ಒಂದು ಎಂದು ತೀರ್ಮಾನಿಸಿದ್ದೇವೆ. ಈಗಾಗಲೇ ಬಿಸಿ ತಟ್ಟಿದೆ. ಮಾತಾಡುವ ಇಬ್ಬರನ್ನು ಮೇಲೆ ಕರೆಸಿ ಸಾವಿರ ರೂಪಾಯಿ ಏರಿಸುವುದಾಗಿ ಹೇಳಿದ್ದಾರೆ. ಬೇರೊಂದು ಅಂಗಡಿಯಲ್ಲಿ ಒಬ್ಬಳಿಗೆ "ಸೋಮವಾರದಿಂದ ಬರಬೇಡಮ್ಮ" ಎಂದಿದ್ದಾರೆ. ಆರು ತಿಂಗಳು ಬಿಡದೆ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ ಎಂದು ಅದೇ 1961ರ ಕಾಯ್ದೆ ಹೇಳುತ್ತದೆ. ಆದರೆ ಅವಳು ಆರು ತಿಂಗಳು ದುಡಿದಳು ಎನ್ನಲು ಕೈಯಲ್ಲಿ ಒಂದು ಕಾಗದವೂ ಇಲ್ಲ. ಪ್ರತಿ ವಾರ ಕಟ್ಟಬೇಕಾದ ಸ್ತ್ರೀಶಕ್ತಿ ಸಾಲದ ಕಂತು ಮಾತ್ರ ಇದೆ. ಹೆಣ್ಣುಮಕ್ಕಳು ಹೆದರುವುದು ಮಾಲೀಕರಿಗಿಂತ ಹೆಚ್ಚಾಗಿ ಆ ಕಂತಿಗೆ.

ಬಂದ್ ಮಾಡುತ್ತಾರೆ, ಹಬ್ಬದ ಹೊತ್ತಿಗೆ ಬಾಗಿಲು ಮುಚ್ಚಿಸುತ್ತಾರೆ ಎಂಬ ಭಯ ವರ್ತಕರಿಗೆ ಬೇಡ. ಈಗಿನ ಕಾನೂನಿನಲ್ಲಿ ಹದಿನಾಲ್ಕು ದಿನ ಮುಂಚೆ ನೋಟಿಸ್ ಕೊಡದೆ ಮುಷ್ಕರ ಮಾಡುವಂತೆಯೇ ಇಲ್ಲ. ಹಬ್ಬದ ವ್ಯಾಪಾರ ನಿಂತರೆ ನಮ್ಮ ಇನ್ಸೆಂಟಿವ್ವೂ ನಿಲ್ಲುತ್ತದೆ.

ನಾವು ವರ್ತಕರ ಸಂಘಕ್ಕೆ ಒಂದು ಕಾಗದ ಕೊಡುವವರಿದ್ದೇವೆ. ಪ್ರತಿ ಕೌಂಟರಿಗೆ ಒಂದು ಸ್ಟೂಲು, ಗಿರಾಕಿ ಇಲ್ಲದಾಗ ಕೂರಲು ಅಡ್ಡಿಯಿಲ್ಲ ಎಂಬ ಮಾತು. ಶಾರ್ಟೇಜನ್ನು ಗುಂಪಿನ ಮೇಲೆ ಹೇರುವುದು ನಿಲ್ಲಬೇಕು. ವಾರದ ರಜೆಯನ್ನು ಸರದಿಯಲ್ಲಿ, ಸಂಬಳ ಸಮೇತ ಕೊಡಬೇಕು. ಭಾನುವಾರವೇ ಬೇಕೆಂದು ಯಾರೂ ಹಟ ಮಾಡುತ್ತಿಲ್ಲ. ನೇಮಕಾತಿ ಪತ್ರ, ಬ್ಯಾಂಕಿನಲ್ಲಿ ಸಂಬಳ, ಇಎಸ್‌ಐ. ಕನಿಷ್ಠ ಕೂಲಿಗಿಂತ ಕೆಳಗಿರುವವರನ್ನು ಮೊದಲು ಆ ಮಟ್ಟಕ್ಕೆ ತನ್ನಿ, ನನ್ನಂಥ ಹಳಬರ ಏರಿಕೆಯ ಮಾತು ಆಮೇಲೆ ಆಡೋಣ. ಇದರಲ್ಲಿ ಸ್ಟೂಲು ಬಿಟ್ಟರೆ ಹೊಸದೇನೂ ಇಲ್ಲ, ಮಿಕ್ಕಿದ್ದೆಲ್ಲ ಎಂದೋ ಕೊಟ್ಟಿರಬೇಕಾದದ್ದು.

ಪತ್ರ ಬರೆದ ಹಿರಿಯರು ಮಾತುಕತೆಗೆ ಬರುವುದಾದರೆ ನಮ್ಮ ಕಡೆಯಿಂದ ಐದು ಜನ ಬರುತ್ತೇವೆ, ಅದರಲ್ಲಿ ಮೂವರು ಹೆಣ್ಣುಮಕ್ಕಳು. ಬೆಳಗ್ಗೆ ಒಂಬತ್ತರ ಒಳಗಾದರೆ ಒಳ್ಳೆಯದು, ಒಂಬತ್ತೂವರೆಗೆ ಎಲ್ಲರಿಗೂ ಥಂಬ್ ಕೊಡಬೇಕು. ದಯವಿಟ್ಟು ನನ್ನ ಹೆಸರು, ಅಂಗಡಿಯ ಹೆಸರು ಹಾಕಬೇಡಿ.

ಇತಿ,
ಜವಳಿ ಅಂಗಡಿಯ ನೌಕರ,
ಹಾಸನ